ಬಚ್ಚಲ ಕಿಟಕಿಯಲ್ಲಿಟ್ಟ ಬಾಟಲಿ

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ನನ್ನ ಅತ್ತೆ ಸಾಂಬಾರಿನ ಚಮಚವನ್ನು ಬಾಯಿಂದ ತೆಗೆದು, "ಟ್ರಾಮ್ ಬತ್ತಾ ಇತ್ತ್, ಮಕ್ಕಳನ್ನ್ ಒಳಗೆ ಕರಿ" ಎಂದರು.

ಕೊಲ್ಕತ್ತಾದ ನಮ್ಮ ಬೆಹಾಲಾದ ರಸ್ತೆಯಲ್ಲಿ ಟ್ರಾಮ್ ನಿಂತು ಹತ್ತು ವರ್ಷದ ಮೇಲಾಯಿತು. ಈಗ ಅಲ್ಲಿ ಮೆಟ್ರೋದ ಕಂಬಗಳಿವೆ. ಒಳಗೆ ಕರೆಯಬೇಕಾದ ಮಗ, ಅಂದರೆ ನನ್ನ ಗಂಡ ಶ್ರೀಧರ, ಐವತ್ತಾರು ವರ್ಷದವರು. ಆಗ ಅವರು ಕೆಳಗೆ ಇಡ್ಲಿಯ ಡಬ್ಬಿಗಳನ್ನು ವ್ಯಾನಿಗೆ ಹತ್ತಿಸುತ್ತಿದ್ದರು.

"ಅತ್ತೆ, ಉಪ್ಪು ಸರಿ ಉಂಟಾ?" ಎಂದು ಕೇಳಿದೆ.

"ಯಾವ ಉಪ್ಪು?" ಎಂದರು.

ಇದು ಯಾಕೆ ದೊಡ್ಡ ಸಂಗತಿ ಎಂದು ಹೇಳಬೇಕು. ನಮ್ಮದು ಕೇಟರಿಂಗ್. ಮನೆಯ ಕೆಳಗಿನ ಮಹಡಿ ಪೂರ್ತಿ ಅಡುಗೆಮನೆ. ನಾವು ಮೇಲೆ ಇರುತ್ತೇವೆ. ಬೆಳಿಗ್ಗೆ ಸಾಲ್ಟ್ ಲೇಕಿನ ಆಫೀಸುಗಳಿಗೆ ಇಡ್ಲಿ, ಸಾಂಬಾರು, ಚಟ್ನಿ ಹೋಗುತ್ತದೆ, ಮಧ್ಯಾಹ್ನಕ್ಕೆ ಊಟ. ಮಾವನವರು ಬಾರ್ಕೂರಿನ ಕಡೆಯಿಂದ ಬಂದು ಇಲ್ಲಿ ಸಣ್ಣ ಹೋಟೆಲು ಇಟ್ಟಿದ್ದರು. ಅತ್ತೆ ಹತ್ತೊಂಬತ್ತು ವರ್ಷಕ್ಕೆ ಮದುವೆಯಾಗಿ ಈ ಊರಿಗೆ ಬಂದವರು. ಈಗ ಎಂಬತ್ತೊಂದು. ಹೋಟೆಲು ಹೋಯಿತು, ಮಾವ ಹೋದರು, ಅತ್ತೆಯ ನಾಲಿಗೆ ಮಾತ್ರ ಉಳಿಯಿತು. ದಿನಾ ಆರೂವರೆಗೆ ಒಂದು ಸ್ಟೀಲ್ ಬಟ್ಟಲು ಮೇಲೆ ಬರುತ್ತದೆ. ಅತ್ತೆ ಒಂದು ಚಮಚ ಸಾಂಬಾರು ನಾಲಿಗೆಗೆ ಹಚ್ಚಿ, "ಸಾಕ್" ಎನ್ನುತ್ತಾರೆ. ಇಲ್ಲವೇ "ಉಪ್ಪು" ಅಥವಾ "ಹುಳಿ" ಎನ್ನುತ್ತಾರೆ. "ಸಾಕ್" ಎನ್ನದೆ ವ್ಯಾನು ಹೊರಡುವುದಿಲ್ಲ. ಈ ಪದ್ಧತಿಗೆ ಭಾನುವಾರ ಒಂದೇ ರಜೆ. ಏಕಾದಶಿಯ ಉಪವಾಸದ ದಿನ ಮಾತ್ರ ಮೂಸಿ ನೋಡಿಯೇ ಹೇಳುತ್ತಾರೆ.

ಆ ದಿನ ವ್ಯಾನು ಇಪ್ಪತ್ತು ನಿಮಿಷ ತಡವಾಗಿ ಹೊರಟಿತು.

ಪಾಡಾದ ಡಾಕ್ಟರು, ಅಂದರೆ ನಮ್ಮ ಓಣಿಯ ಡಾಕ್ಟರು, ಹತ್ತು ಗಂಟೆಗೆ ಬಂದರು. ಬಿಪಿ ನೋಡಿದರು. ಜ್ವರ ಇರಲಿಲ್ಲ. ನನ್ನ ಕಡೆ ತಿರುಗಿ, ಯೂರಿನ್ ಹೋಗುವಾಗ ಉರಿ ಉಂಟಾ ಎಂದು ಹಿಂದಿಯಲ್ಲಿ ಕೇಳಿದರು. ಇಲ್ಲ ಎಂದೆ. ಪದೇಪದೇ ಹೋಗುತ್ತಾರಾ ಎಂದರು. ಅದೂ ಇಲ್ಲ ಎಂದೆ. ಅತ್ತೆ ಎರಡು ಮೊಳ ದೂರದಲ್ಲಿ ಮಂಚದ ಮೇಲೆ ಕುಳಿತಿದ್ದರು. ಅರವತ್ತು ವರ್ಷ ಈ ಊರಿನಲ್ಲಿ ಇದ್ದು ಅವರ ಬಂಗಾಳಿ ಡಾಕ್ಟರ ಬಂಗಾಳಿಗಿಂತ ಸ್ವಚ್ಛವಾಗಿದೆ. ಆದರೂ ಪ್ರಶ್ನೆ ನನಗೆ ಬಂತು, ಉತ್ತರ ನಾನು ಕೊಟ್ಟೆ. ಆ ಉತ್ತರ ನನಗೆ ಗೊತ್ತಿತ್ತೇ ಎಂದು ಆಗ ಯೋಚಿಸಲಿಲ್ಲ.

"ಈ ವಯಸ್ಸಿನಲ್ಲಿ ಹೀಗೆ ಮಾತು ತಪ್ಪಿದರೆ ಹೆಚ್ಚಾಗಿ ಯೂರಿನ್ ಇನ್ಫೆಕ್ಷನ್," ಎಂದರು ಡಾಕ್ಟರು. "ಕಲ್ಚರ್ ಮಾಡಿಸಿ."

ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಎಣಿಸುವ ಆ ಪರೀಕ್ಷೆಗೆ ಬೆಳಗಿನ ಮೊದಲ ಮೂತ್ರ ಬೇಕಿತ್ತು. ಅತ್ತೆ ಏಳುವುದು ಐದೂವರೆಗೆ. ಆಗ ಹೋಗಿ ಬಂದು, ಸ್ನಾನ ಮಾಡಿ, ಮಡಿ ಸೀರೆ ಉಟ್ಟು ದೇವರ ಮುಂದೆ ಕೂರುತ್ತಾರೆ. ಲ್ಯಾಬಿನಿಂದ ಸ್ಯಾಂಪಲ್ ಒಯ್ಯುವವರು ಹತ್ತು ಮನೆ ಸುತ್ತಿ ನಮ್ಮಲ್ಲಿಗೆ ಮುಟ್ಟುವಾಗ ಹನ್ನೊಂದು ಗಂಟೆ. ನಡುವಿನ ಐದೂವರೆ ತಾಸು ಬಾಟಲಿಯನ್ನು ಎಲ್ಲಿ ಇಡುವುದು?

ಫ್ರಿಜ್ಜು ನನ್ನ ತಲೆಗೇ ಬರಲಿಲ್ಲ. ಮನೆಯ ಫ್ರಿಜ್ಜಿನಲ್ಲಿ ದೇವರ ಹಾಲು, ದೇವರ ಮೊಸರು ಇರುತ್ತದೆ. ಎಂಟು ವರ್ಷದ ಹಿಂದೆ ನನ್ನ ಮಗಳು ಮೇಘಾ ನಾಲ್ಕು ಮೊಟ್ಟೆ ತಂದು ಅದರ ಬಾಗಿಲಿನಲ್ಲಿ ಇಟ್ಟಿದ್ದಳು. ಅತ್ತೆ ಅವಳನ್ನು ಬೈಯಲಿಲ್ಲ. ಫ್ರಿಜ್ಜನ್ನು ಖಾಲಿ ಮಾಡಿಸಿ, ಮೂರು ಸಲ ತೊಳೆಸಿ, ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟರು. ಮೊಟ್ಟೆಗೇ ಆ ಗತಿಯಾದರೆ ಮೂತ್ರಕ್ಕೆ ಏನಾದೀತು? ಕೆಳಗಿನ ಅಡುಗೆಮನೆಯ ಫ್ರಿಜ್ಜಿನ ಮಾತೇ ಇಲ್ಲ, ಅದು ಗಿರಾಕಿಗಳ ಊಟದ್ದು.

ಬಾಟಲಿಯನ್ನು ಬಚ್ಚಲ ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ. ಗಾಳಿ ಬರುತ್ತದೆ ಎಂದುಕೊಂಡೆ.

ಅದು ಪೂರ್ವದ ಕಿಟಕಿ. ವೈಶಾಖದ ಬಿಸಿಲು ಏಳು ಗಂಟೆಗೇ ಅಲ್ಲಿ ಬಂದು ಕೂರುತ್ತದೆ.

ರಿಪೋರ್ಟು ಮೂರನೆಯ ದಿನ ಬಂತು. ಬ್ಯಾಕ್ಟೀರಿಯಾ ಲಕ್ಷಕ್ಕೂ ಮೇಲೆ ಎಂದಿತ್ತು. ಐದು ದಿನದ ಆಂಟಿಬಯಾಟಿಕ್ ಶುರುವಾಯಿತು. ಎರಡನೆಯ ದಿನಕ್ಕೆ ಅತ್ತೆ ಮೊದಲಿನ ಹಾಗಾದರು. ಟ್ರಾಮಿನ ಮಾತು ನೆನಪಿಸಿದರೆ ಅವರೇ ನಕ್ಕರು. ಎಲ್ಲರಿಗೂ ಸಮಾಧಾನ. ಊರಿನಿಂದ ಫೋನ್ ಮಾಡಿದವರಿಗೆಲ್ಲ, ವಯಸ್ಸಾದವರಿಗೆ ಯೂರಿನ್ ಇನ್ಫೆಕ್ಷನ್ ತಲೆಗೆ ಏರುತ್ತದಂತೆ ಎಂದು ನಾನೇ ಪಾಠ ಹೇಳಿದೆ. ಹೇಳಲು ಏನೋ ಒಂದು ಸಿಕ್ಕಿತ್ತು.

ಮೇ ತಿಂಗಳಲ್ಲಿ ಮತ್ತೆ ಸುಸ್ತು, ಊಟ ಬೇಡ ಎಂದರು. ಮತ್ತೆ ಬಾಟಲಿ, ಮತ್ತೆ ಕಿಟಕಿ, ಮತ್ತೆ ಲಕ್ಷಕ್ಕೂ ಮೇಲೆ. ಬೇರೆ ಆಂಟಿಬಯಾಟಿಕ್. ಜೂನ್ ಮೊದಲ ವಾರದಲ್ಲಿ ಅತ್ತೆ ಪೂಜೆಯ ನಡುವೆ ಗಂಟೆ ಹಿಡಿದುಕೊಂಡು ಎಷ್ಟೋ ಹೊತ್ತು ಸುಮ್ಮನೆ ಕುಳಿತುಬಿಟ್ಟರು. ಮೂರನೆಯ ಬಾಟಲಿ, ಮೂರನೆಯ ಮಾತ್ರೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ನಾವೆಲ್ಲ. ಎತ್ತು ಹೇಗೆ ಈಯಿತು ಎಂದು ಕೇಳಲು ಯಾರಿಗೂ ಪುರುಸೊತ್ತು ಇರಲಿಲ್ಲ.

ಮೂರನೆಯ ಮಾತ್ರೆ ಅತ್ತೆಯ ಹೊಟ್ಟೆಯನ್ನು ಕೆಡಿಸಿತು. ದಿನಕ್ಕೆ ಆರು ಏಳು ಸಲ ಭೇದಿ. ನಾಲಿಗೆಯ ಮೇಲೆ ಬಿಳಿ ಪದರ ಕೂತಿತು. ಮಾತ್ರೆ ಮುಗಿದ ಮೇಲೂ ರುಚಿ ಮರಳಲಿಲ್ಲ.

"ಎಲ್ಲ ಮಣ್ಣಿನ ಹಾಂಗಿತ್ತ್," ಎಂದರು ಬಟ್ಟಲನ್ನು ದೂಡಿ.

ಆ ವಾರ ಸಾಂಬಾರಿನ ಉಪ್ಪನ್ನು ನನ್ನ ಗಂಡ ನಿರ್ಧರಿಸಿದರು. ಇವರಿಗೆ ಉಪ್ಪಿನ ಅಂದಾಜು ಇಲ್ಲ, ಮಾತಿನಲ್ಲಿಯೂ ಇಲ್ಲ. ಸಾಲ್ಟ್ ಲೇಕಿನ ಒಂದು ಆಫೀಸಿನಿಂದ ಫೋನು ಬಂತು. ಇವರು ಫೋನ್ ಇಟ್ಟು, ಕೈ ಒರೆಸಿಕೊಂಡು, "ಅಮ್ಮಂಗೆ ಇನ್ನ್ ಆತಿಲ್ಲೆ, ವಾಣಿ. ವಯಸ್ಸಾಯ್ತಲ್ದಾ," ಎಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ. ಅದೇ ನನಗೆ ಹೆದರಿಕೆ ತಂದದ್ದು.

ಡಿಮೆನ್ಷಿಯಾ ಎಂಬ ಮಾತು ಮನೆಯೊಳಗೆ ಬಂದದ್ದು ಆಗ. ಯಾರು ಮೊದಲು ಹೇಳಿದರೋ ನೆನಪಿಲ್ಲ. ನರರೋಗದ ಡಾಕ್ಟರಲ್ಲಿ ಅಪಾಯಿಂಟ್‌ಮೆಂಟ್ ತೆಗೆದುಕೊಂಡದ್ದು ನಾನು. ಅಲ್ಲಿಯವರೆಗೆ ಇರಲಿ ಎಂದು ಪಾಡಾದ ಡಾಕ್ಟರು ನಿದ್ದೆಗೆ ಅರ್ಧ ಮಾತ್ರೆ ಬರೆದರು. ಅತ್ತೆ ಹಗಲೂ ನಿದ್ದೆ ಮಾಡತೊಡಗಿದರು. ಮೇಘಾ ಕಾಲೇಜಿನಿಂದ ಬಂದು, "ಮಮ್ಮಾ, ಅಜ್ಜಿ ಇತ್ನಾ ಕ್ಯೂಂ ಸೋತೀ ಹೈ? ದಿಸ್ ಈಸ್ ನಾಟ್ ಅಜ್ಜಿ," ಎಂದಳು. ಇಷ್ಟು ಯಾಕೆ ನಿದ್ದೆ, ಇದು ನಮ್ಮ ಅಜ್ಜಿಯೇ ಅಲ್ಲ ಎಂದು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆಡುವುದು ಮಾತ್ರ ಹೀಗೆ. ಅವಳಿಗೆ ಉತ್ತರ ಕೊಡುವ ಬದಲು ಚಹಾ ಕೊಟ್ಟೆ.

ಜೂನ್ ಕೊನೆಯ ಒಂದು ಸೋಮವಾರ ಬಟ್ಟಲು ಮೇಲೆ ಬರಲಿಲ್ಲ.

ಇವರು ಮರೆತದ್ದಲ್ಲ. ಕೆಳಗೆ ವ್ಯಾನು ಹೊರಟ ಸದ್ದು ಕೇಳಿತು. ನಾನು ಕೇಳಲಿಲ್ಲ, ಇವರು ಹೇಳಲಿಲ್ಲ. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅವರಿಗೆ ಗೊತ್ತಾಯಿತೋ ಇಲ್ಲವೋ. ನನಗೆ ಮಾತ್ರ ಮನೆಯಲ್ಲಿ ಏನೋ ಮುಗಿದುಹೋದ ಹಾಗೆ ಅನಿಸಿತು, ಮತ್ತು ನನಗೆ ಅದು ಬೇಡವಾಗಿತ್ತು. ನಾವು ಅತ್ತೆ ಸೊಸೆ ಇಪ್ಪತ್ತೆಂಟು ವರ್ಷದಲ್ಲಿ ಬಹಳ ಪ್ರೀತಿಯಿಂದ ಇದ್ದೆವು ಎಂದರೆ ಸುಳ್ಳಾಗುತ್ತದೆ. ಆದರೆ ನನಗೆ ಅಡುಗೆ ಕಲಿಸಿದವರು ಅವರು. ಉಳಿದ ವಯಸ್ಸೆಲ್ಲ ಅವರು ಹೀಗೇ ಗೋಡೆ ನೋಡುತ್ತ ಇರುತ್ತಾರೆ ಎಂಬುದು ನನಗೆ ನುಂಗಲಾರದ ತುತ್ತಾಗಿತ್ತು.

ಜುಲೈಯಲ್ಲಿ ನಿಜವಾದದ್ದು ಬಂತು. ಅದು ನಿಜವಾದದ್ದು ಎಂದು ನಮಗೆ ಗೊತ್ತಾಗಲಿಲ್ಲ, ಯಾಕೆಂದರೆ ಅದು ಹಿಂದಿನ ಮೂರರಷ್ಟೂ ಸದ್ದು ಮಾಡಲಿಲ್ಲ. ಜ್ವರವಿಲ್ಲ. ನೋವು ಎನ್ನಲಿಲ್ಲ. ಎರಡು ದಿನ ನಿದ್ದೆಯೋ ನಿದ್ದೆ. ನಿದ್ದೆ ಮಾತ್ರೆಯ ಪ್ರಭಾವ ಎಂದುಕೊಂಡು ಅದನ್ನು ನಿಲ್ಲಿಸಿದೆವು. ಪಾಡಾದ ಡಾಕ್ಟರು ಫೋನಿನಲ್ಲೇ ಹಳೆಯ ಮಾತ್ರೆಯೊಂದನ್ನು ಮತ್ತೆ ಶುರು ಮಾಡಿಸಿದರು. ಈ ಸಲ ಬಾಟಲಿಯನ್ನೂ ತುಂಬಿಸಲಿಲ್ಲ. ಮೂರನೆಯ ಬೆಳಿಗ್ಗೆ ನಾನು ಗಂಜಿಯ ಚಮಚ ಹಿಡಿದು ಎಬ್ಬಿಸಿದಾಗ ಅತ್ತೆ ನನ್ನನ್ನೇ ನೋಡಿ, ಬಂಗಾಳಿಯಲ್ಲಿ, ತೀರ ಮರ್ಯಾದೆಯಿಂದ ಕೇಳಿದರು:

"ಆಪ್ನಿ ಕೆ?"

ತಾವು ಯಾರು ಎಂದು. ಇಪ್ಪತ್ತೆಂಟು ವರ್ಷದಲ್ಲಿ ಅತ್ತೆ ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು.

ಕೈ ಮುಟ್ಟಿದೆ, ತಣ್ಣಗಿತ್ತು. ಉಸಿರು ಜೋರಾಗಿತ್ತು. ಒಂಬತ್ತು ಗಂಟೆಗೆ ಎಮರ್ಜೆನ್ಸಿಯಲ್ಲಿ ಇದ್ದೆವು.

ಅಲ್ಲಿ ನಡೆದದ್ದನ್ನು ಕ್ರಮವಾಗಿ ಬರೆಯಲು ಆಗುವುದಿಲ್ಲ. ಬಿಪಿ ತುಂಬಾ ಕೆಳಗಿತ್ತು. ಸಲೈನ್ ಹಾಕಿದರು. ಹೊಟ್ಟೆಯ ಕೆಳಭಾಗ ಗಟ್ಟಿಯಾಗಿದೆ ಎಂದು ಸ್ಕ್ಯಾನ್ ಮಾಡಿದರು. ಬ್ಲ್ಯಾಡರ್ ತುಂಬಿಕೊಂಡು ನಿಂತಿತ್ತು. ಕ್ಯಾಥೆಟರ್ ಹಾಕಿದಾಗ ಹೊರಬಂದ ಮೂತ್ರದ ಪ್ರಮಾಣ ನೋಡಿ ನರ್ಸು ಇನ್ನೊಬ್ಬ ನರ್ಸನ್ನು ಕರೆದರು. ಅದರಲ್ಲಿಯೇ ಒಂದು ಬಾಟಲಿಗೆ ಹಿಡಿದು, ಹೆಸರು ಮತ್ತು ವೇಳೆ ಬರೆದು, ಆ ಕ್ಷಣವೇ ಕೆಳಗಿನ ಲ್ಯಾಬಿಗೆ ಕಳಿಸಿದರು. ಬಾಟಲಿ ಒಂದು ನಿಮಿಷವೂ ಎಲ್ಲಿಯೂ ಕೂರಲಿಲ್ಲ. ನಾನು ಅದನ್ನು ನೋಡಿದೆ. ನೋಡಿ ಏನೂ ಯೋಚಿಸಲಿಲ್ಲ.

ಇನ್ಫೆಕ್ಷನ್ ರಕ್ತಕ್ಕೆ ಸೇರಿದೆ ಎಂದರು. ಮುಂದಿನ ಎರಡು ದಿನ ಏನೂ ಹೇಳಲಾಗದು ಎಂದರು.

ಕಲ್ಚರಿನ ರಿಪೋರ್ಟು ಮೂರನೆಯ ದಿನ ಬಂತು. ಔಷಧಿಗಳ ಹೆಸರು ಒಂದರ ಕೆಳಗೆ ಒಂದು, ಮುಂದೆ ಕೆಲಸ ಮಾಡುತ್ತದೆ, ಮಾಡುವುದಿಲ್ಲ ಎಂಬ ಗುರುತು. ನಾವು ಮೂರು ತಿಂಗಳು ನುಂಗಿಸಿದ ಯಾವ ಮಾತ್ರೆಯೂ ಕೆಲಸ ಮಾಡುತ್ತಿರಲಿಲ್ಲ. ಉಳಿದದ್ದು ಎರಡು, ಎರಡೂ ಇಂಜೆಕ್ಷನ್. ಅದೃಷ್ಟಕ್ಕೆ ಅದರಲ್ಲಿ ಒಂದನ್ನು ಮೊದಲ ದಿನವೇ ಅಂದಾಜಿನ ಮೇಲೆ ಶುರು ಮಾಡಿದ್ದರು.

ವಯಸ್ಸಾದವರ ವಾರ್ಡಿನ ಡಾಕ್ಟರು ಒಬ್ಬ ಹೆಂಗಸು, ನನಗಿಂತ ಚಿಕ್ಕವರು, ನಿಧಾನವಾಗಿ ಮಾತಾಡುವವರು. ಹಳೆಯ ಮೂರು ರಿಪೋರ್ಟುಗಳನ್ನು ಮೇಜಿನ ಮೇಲೆ ಹರಡಿಕೊಂಡು ಹಿಂದಿಯಲ್ಲಿ ಕೇಳಿದರು. "ಈ ಸ್ಯಾಂಪಲ್ ಎಷ್ಟು ಗಂಟೆಗೆ ಹಿಡಿದದ್ದು?"

"ಐದೂವರೆಗೆ."

"ಲ್ಯಾಬಿನವರು ಬಂದದ್ದು?"

"ಹನ್ನೊಂದಕ್ಕೆ."

"ಅಲ್ಲಿಯವರೆಗೆ ಬಾಟಲಿ ಎಲ್ಲಿತ್ತು?"

ಮೂರು ತಿಂಗಳಲ್ಲಿ ಈ ಪ್ರಶ್ನೆಯನ್ನು ಕೇಳಿದ ಮೊದಲ ವ್ಯಕ್ತಿ ಅವರು. ಹೇಳಿದೆ. ಅವರು ಬೈಯಲಿಲ್ಲ. ನೀವು ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಕೇಟರಿಂಗ್ ಎಂದೆ.

"ಹಾಗಾದರೆ ತೆಂಗಿನಕಾಯಿ ಚಟ್ನಿಯನ್ನು ಆ ಕಿಟಕಿಯಲ್ಲಿ ಐದೂವರೆಯಿಂದ ಹನ್ನೊಂದರವರೆಗೆ ಇಟ್ಟು ಗಿರಾಕಿಗೆ ಕಳಿಸುತ್ತೀರಾ?"

ಕೆಳಗಿನ ಅಡುಗೆಮನೆಯಲ್ಲಿ ಎರಡು ತಾಸು ಹೊರಗೆ ಕೂತ ಚಟ್ನಿಯನ್ನು ಬಕೆಟ್ಟುಗಟ್ಟಲೆ ಚರಂಡಿಗೆ ಸುರಿಸಿದವಳು ನಾನು. ಬೇಸಿಗೆಯಲ್ಲಿ ಚಟ್ನಿಯ ಡಬ್ಬಿಗಳು ಐಸ್ ಪೆಟ್ಟಿಗೆಯಲ್ಲೇ ಹೋಗಬೇಕು ಎಂದು ಗೋಡೆಯ ಮೇಲೆ ಮೂರು ಭಾಷೆಯಲ್ಲಿ ಬರೆಸಿದ್ದೇನೆ. ಹಿಟ್ಟು ಉಕ್ಕುವುದಕ್ಕೆ ಎಷ್ಟು ಹೊತ್ತು, ಹಾಲು ಒಡೆಯುವುದಕ್ಕೆ ಎಷ್ಟು ಹೊತ್ತು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಅದು ಮಹಡಿಯ ಮೇಲೆ ಇತ್ತು.

ಡಾಕ್ಟರು ಹೇಳಿದ್ದು ಇಷ್ಟು. ವಯಸ್ಸಾದ ಹೆಂಗಸರ ಮೂತ್ರದಲ್ಲಿ ಯಾವ ಕಾಯಿಲೆಯೂ ಇಲ್ಲದೆ ಬ್ಯಾಕ್ಟೀರಿಯಾ ಇರಬಹುದು. ಸುಮ್ಮನೆ ಇರುತ್ತವೆ, ಯಾರಿಗೂ ತೊಂದರೆ ಕೊಡುವುದಿಲ್ಲ. ಆ ಸ್ವಲ್ಪವೇ ಬಿಸಿಲಿನಲ್ಲಿ ಕೂತರೆ ಹನ್ನೊಂದು ಗಂಟೆಗೆ ಲಕ್ಷವಾಗುತ್ತದೆ. ಲ್ಯಾಬು ತನ್ನ ಕೈಗೆ ಬಂದದ್ದನ್ನು ಮಾತ್ರ ಎಣಿಸುತ್ತದೆ. ರಿಪೋರ್ಟಿಗೆ ಔಷಧಿ ಕೊಡಬಾರದು, ಮನುಷ್ಯರಿಗೆ ಕೊಡಬೇಕು. ಹಿಂದಿನ ಮೂರು ಸಲ ಇನ್ಫೆಕ್ಷನ್ ಇರಲೇ ಇಲ್ಲವೇನೋ. ಬೇಡದ ಮಾತ್ರೆಗಳು ದುರ್ಬಲವಾದವನ್ನು ಕೊಂದು ಗಟ್ಟಿಯಾದವನ್ನು ಉಳಿಸಿರಬಹುದು.

"ಖಂಡಿತವಾಗಿ ಹೇಳಲು ಬರುವುದಿಲ್ಲ," ಎಂದೂ ಸೇರಿಸಿದರು. ಆ ಮಾತಿನಿಂದ ನನಗೆ ಅವರ ಮೇಲೆ ವಿಶ್ವಾಸ ಬಂತು.

"ಹಾಗಾದರೆ ಆ ಟ್ರಾಮ್?" ಎಂದೆ.

"ಅದರ ಹಿಂದಿನ ದಿನ ಅವರು ಏನು ತಿಂದಿದ್ದರು, ಎಷ್ಟು ನೀರು ಕುಡಿದಿದ್ದರು?"

ಕಾರಿಡಾರಿನಲ್ಲಿ ನಿಂತು ಫೋನಿನಲ್ಲಿ ಪಂಚಾಂಗ ತೆಗೆದು ನೋಡಿದೆ. ಟ್ರಾಮಿನ ಬೆಳಿಗ್ಗೆ ದ್ವಾದಶಿ. ಹಿಂದಿನ ದಿನ ಏಕಾದಶಿ. ಅತ್ತೆಯ ಏಕಾದಶಿ ಎಂದರೆ ಒಂದು ಹನಿ ನೀರೂ ಇಲ್ಲ. ಗಂಟೆ ಹಿಡಿದು ಕುಳಿತ ದಿನವೂ ದ್ವಾದಶಿಯೇ. ಮೇ ತಿಂಗಳದ್ದು ಹೊಂದಲಿಲ್ಲ. ಮೂರರಲ್ಲಿ ಎರಡು. ಕೊಲ್ಕತ್ತಾದ ಬೇಸಿಗೆಯಲ್ಲಿ ಎಂಬತ್ತೊಂದರ ಮುದುಕಿ ಒಂದೂವರೆ ದಿನ ನೀರು ಕುಡಿಯದೆ ಇದ್ದರೆ ಟ್ರಾಮು ಬರದೆ ಇರುತ್ತದೆಯೇ? ಮಾತ್ರೆ ಶುರುವಾದ ಮೇಲೆ ನಾನು ಗಂಟೆಗೊಮ್ಮೆ ಲೋಟ ಹಿಡಿದು ನಿಲ್ಲುತ್ತಿದ್ದೆ. ಗುಣಪಡಿಸಿದ್ದು ಮಾತ್ರೆಯೋ ಲೋಟವೋ, ಈಗ ಯಾರು ಹೇಳಬೇಕು.

ಐದನೆಯ ದಿನ ಅತ್ತೆ ನನ್ನನ್ನು ನೋಡಿ, "ನೀ ಉಂಡ್ಯಾ?" ಎಂದರು.

ಏಕವಚನ. ನಾನು ಬಾತ್‌ರೂಮಿಗೆ ಹೋಗಿ ಅತ್ತು ಬಂದೆ. ಅವರು ಮರಳಿ ಬರುವುದಿಲ್ಲ ಎಂದು ನನಗೆ ಹೆದರಿಕೆಯಿತ್ತು. ಅದಕ್ಕಿಂತ ಹೆಚ್ಚು, ಕಳೆದುಕೊಂಡದ್ದು ನನ್ನ ಕೈಯಿಂದಲೇ ಎಂದಾಗುತ್ತದೆ ಎಂದು ಹೆದರಿಕೆಯಿತ್ತು.

ಅಂದು ಮಧ್ಯಾಹ್ನ ಡಾಕ್ಟರು ಬಂದು, ಸ್ಟೂಲು ಎಳೆದುಕೊಂಡು ಅತ್ತೆಯ ಮುಖದ ಮಟ್ಟಕ್ಕೆ ಕುಳಿತರು. "ಮಾಶಿಮಾ, ದಿನಕ್ಕೆ ಎಷ್ಟು ಸಲ ಬಚ್ಚಲಿಗೆ ಹೋಗುತ್ತೀರಿ?" ಎಂದು ಬಂಗಾಳಿಯಲ್ಲಿ ಕೇಳಿದರು. ಮಾಶಿಮಾ ಎಂದರೆ ಇಲ್ಲಿ ಚಿಕ್ಕಮ್ಮ ಎಂದ ಹಾಗೆ. ನಾನು ಉತ್ತರಕ್ಕೆ ಬಾಯಿ ತೆರೆದೆ. ಡಾಕ್ಟರು ನನ್ನ ಕಡೆ ತಿರುಗದೆ ಕೈ ಎತ್ತಿ ತಡೆದರು.

ಅತ್ತೆ ಬಂಗಾಳಿಯಲ್ಲಿಯೇ ಹೇಳಿದರು. ಬೆಳಿಗ್ಗೆ ಐದೂವರೆಗೆ ಒಮ್ಮೆ. ಸ್ನಾನವಾದ ಮೇಲೆ ಪೂಜೆ, ನೈವೇದ್ಯ, ಊಟ ಮುಗಿಯುವ ತನಕ ಇಲ್ಲ. ಅಂದರೆ ಮಧ್ಯಾಹ್ನ ಒಂದು ಗಂಟೆಯ ತನಕ. ನಡುವೆ ಹೋದರೆ ಮಡಿ ಹೋಯಿತು, ಮತ್ತೆ ಸ್ನಾನ ಮಾಡಬೇಕು. ಮೊಣಕಾಲು ಎರಡು ಸ್ನಾನಕ್ಕೆ ಒಪ್ಪುವುದಿಲ್ಲ. ಅದಕ್ಕೆ ಬೆಳಗಿನಿಂದ ನೀರನ್ನೇ ಕುಡಿಯುವುದಿಲ್ಲ.

"ಎಷ್ಟು ವರ್ಷದಿಂದ?"

"ಮದುವೆಯಾದಾಗಿನಿಂದ." ಆಗ ಹೋಟೆಲಿನ ಹಿಂದೆ ಒಂದೇ ಬಚ್ಚಲು. ಹನ್ನೆರಡು ಜನ ಗಂಡಸರು, ಒಬ್ಬಳು ಹೆಂಗಸು. ಹತ್ತೊಂಬತ್ತು ವರ್ಷದ ಹುಡುಗಿ ಅವರ ಮುಂದೆ ಚೆಂಬು ಹಿಡಿದು ಹೇಗೆ ಹೋಗುವುದು? ಹೋಟೆಲಿನ ಮಧ್ಯಾಹ್ನದ ಗದ್ದಲ ಮುಗಿಯುವವರೆಗೆ ತಡೆಯುವುದು ಅಭ್ಯಾಸವಾಯಿತು. ಮಡಿ ಅದಕ್ಕೆ ಒಳ್ಳೆಯ ನೆಪವೂ ಆಯಿತು. ಇದನ್ನು ಹೇಳುವಾಗ ಅತ್ತೆಯ ಮುಖದಲ್ಲಿ ನಾಚಿಕೆ ಇರಲಿಲ್ಲ. ಯಾರದೋ ಹಳೆಯ ಸುದ್ದಿ ಹೇಳಿದ ಹಾಗೆ ಹೇಳಿದರು. ನಾನು ಈ ಮನೆಗೆ ಬರುವಾಗ ಮೂರು ಬಚ್ಚಲು ಇದ್ದವು.

"ಜಾಲಾ ಕೊರೆ?" ಎಂದು ಕೇಳಿದರು ಡಾಕ್ಟರು. ಉರಿ ಉಂಟಾ ಎಂದು.

"ಇತ್ತು. ಆಸ್ಪತ್ರೆಗೆ ಬರುವ ಎರಡು ವಾರ ಮೊದಲಿನಿಂದ."

ಎರಡು ವಾರ. ನಾನು ತಡೆಯಲಾರದೆ ಕನ್ನಡದಲ್ಲಿ ಕೇಳಿದೆ. "ನನ್ನ ಹತ್ತಿರ ಹೇಳಬಾರದಿತ್ತಾ ಅತ್ತೆ?"

"ಇಂಥದ್ದನ್ನೆಲ್ಲ ಹೇಳ್ಕಂಡ್ ತಿರ್ಗುದಾ?" ಎಂದರು.

ಕ್ಯಾಥೆಟರನ್ನು ಆರನೆಯ ದಿನ ತೆಗೆದರು. ಇರಲಿ, ಅನುಕೂಲ ಎಂದು ವಾರ್ಡಿನವರು ಹೇಳಿ ನೋಡಿದರು. ಅದೇ ಮುಂದಿನ ಇನ್ಫೆಕ್ಷನ್ನಿನ ದಾರಿ ಎಂದು ಡಾಕ್ಟರು ಬಿಡಲಿಲ್ಲ. ಹತ್ತನೆಯ ದಿನ ಮನೆಗೆ ಬಂದೆವು. ನರರೋಗದ ಡಾಕ್ಟರ ಅಪಾಯಿಂಟ್‌ಮೆಂಟನ್ನು ಮೂರು ತಿಂಗಳು ಮುಂದೆ ಹಾಕಿಸಿದೆವು. ಆಸ್ಪತ್ರೆಯ ಗೊಂದಲ ಪೂರ್ತಿ ಇಳಿಯದೆ ಆ ಪರೀಕ್ಷೆಗಳಿಗೆ ಅರ್ಥವಿಲ್ಲ ಎಂದರು.

ಮನೆಯಲ್ಲಿ ಬದಲಾವಣೆ ಸುಲಭವಾಗಿ ಆಯಿತು ಎನ್ನಲಾರೆ. ಬೆಳಿಗ್ಗೆ ಎಂಟಕ್ಕೆ, ಹತ್ತಕ್ಕೆ, ಹನ್ನೆರಡಕ್ಕೆ ನೀರು, ಪ್ರತಿ ಸಲ ಒಂದು ಲೋಟ. ಮೊದಲ ವಾರ ಲೋಟ ನೋಡಿದರೆ ಅತ್ತೆ ಕಣ್ಣು ಮುಚ್ಚಿ ಜಪಕ್ಕೆ ಕೂರುತ್ತಿದ್ದರು. ಮಡಿಗೆ ಅವರೇ ದಾರಿ ಹುಡುಕಿದರು. ಮುದುಕರಿಗೆ ಕೈಕಾಲು ತೊಳೆದು ಆಚಮನ ಮಾಡಿದರೆ ಸಾಕು ಎಂದು ಅವರ ಅಜ್ಜಿ ಹೇಳುತ್ತಿದ್ದರಂತೆ. ಈ ಅಜ್ಜಿ ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಮಾತಿಗೆ ಬಂದವರಲ್ಲ. ಏಕಾದಶಿಗೆ ಅನ್ನವಿಲ್ಲ, ಆದರೆ ನೀರು, ಹಾಲು, ಹಣ್ಣು ಉಂಟು ಎಂಬಲ್ಲಿಗೆ ರಾಜಿಯಾಯಿತು. ಮೂತ್ರದ ಬಣ್ಣ ನೋಡಿ, ವಾಸನೆ ನೋಡಿ ಟೆಸ್ಟಿಗೆ ಓಡುವುದನ್ನು ನಾನು ಬಿಟ್ಟೆ. ಉರಿ, ಹೊಟ್ಟೆಯ ಕೆಳಗೆ ನೋವು, ಚಳಿ ಜ್ವರ, ಇಂಥದ್ದೇನಾದರೂ ಇದ್ದರೆ ಮಾತ್ರ ಟೆಸ್ಟು. ಸುಮ್ಮನೆ ಮಾತು ತಪ್ಪಿದರೆ ಮೊದಲು ನೀರು ಕೊಟ್ಟು ಡಾಕ್ಟರಿಗೆ ಫೋನು.

ನಾಲಿಗೆಗೆ ಎರಡು ತಿಂಗಳು ಬೇಕಾಯಿತು. ಸೆಪ್ಟೆಂಬರಿನಲ್ಲಿ ಒಂದು ದಿನ ಇವರೇ ಬಟ್ಟಲು ಹಿಡಿದು ಮೆಟ್ಟಿಲು ಹತ್ತಿ ಬಂದರು. ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಅತ್ತೆ ಚಮಚ ತೆಗೆದುಕೊಂಡರು.

"ಉಪ್ಪು ಜಾಸ್ತಿ. ಕೊತ್ತಂಬರಿ ಹುರಿದದ್ದ್ ಕಡಿಮೆ. ಇದನ್ನ್ ಯಾರಿಗ್ ಕಳ್ಸ್ತಾ ಇದ್ದೆ ಮಾರಾಯ?"

ಬೈಸಿಕೊಂಡು ಅಷ್ಟು ಖುಷಿಯಾದ ನನ್ನ ಗಂಡನನ್ನು ನಾನು ನೋಡಿರಲಿಲ್ಲ. ವ್ಯಾನು ಅಂದೂ ಇಪ್ಪತ್ತು ನಿಮಿಷ ತಡ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಹೋದ ತಿಂಗಳು, ದುರ್ಗಾಪೂಜೆಯ ಪೆಂಡಾಲುಗಳನ್ನು ಬಿಚ್ಚಿದ ಮರುವಾರ, ಬೆಳಿಗ್ಗೆ ಆರು ಗಂಟೆಗೆ ಅತ್ತೆಯೇ ನನ್ನನ್ನು ಕರೆದು, "ಉರಿ ಇತ್ತ್, ಕೆಳಗೆ ನೋವೂ ಇತ್ತ್" ಎಂದರು. ಅವರ ಬಾಯಿಂದ ಅದು ಬಂದದ್ದಕ್ಕೆ ನನಗೆ ಮೊದಲು ಸಂತೋಷವಾಯಿತು, ಆಮೇಲೆ ಹೆದರಿಕೆಯಾಯಿತು. ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿದೆ. ಮಾತ್ರೆ ಶುರು ಮಾಡುವ ಮೊದಲು ಸ್ಯಾಂಪಲ್ ಹಿಡಿಯಿರಿ, ತೊಳೆದುಕೊಂಡು, ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಿರಿ ಎಂದರು. ಲ್ಯಾಬು ತೆರೆಯುವುದು ಒಂಬತ್ತಕ್ಕೆ. ಅಲ್ಲಿಯವರೆಗೆ ಫ್ರಿಜ್ಜಿನಲ್ಲಿ ಇಡಿ, ಮತ್ತೆ ನೀವೇ ಒಯ್ಯಿರಿ ಎಂದರು.

ಬಾಟಲಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಒಂದು ಮುಚ್ಚಳದ ಡಬ್ಬಿಯಲ್ಲಿ ಇಟ್ಟೆ. ಡಬ್ಬಿ ಹಿಡಿದು ಅಡುಗೆಮನೆಯ ನಡುವೆ ನಿಂತೆ. ಕೆಳಗಿನಿಂದ ಐಸ್ ತರಿಸಿ ಬೇರೆ ಬಕೆಟ್ಟಿನಲ್ಲಿ ಇಡಲೇ? ಪಕ್ಕದ ಮನೆಯವರ ಫ್ರಿಜ್ಜು ಕೇಳಲೇ? ಏನು ಎಂದು ಹೇಳಿ ಕೇಳುವುದು? ಮೂರು ತಿಂಗಳಿನಿಂದ ಈ ದಿನ ಬರುತ್ತದೆ ಎಂದು ನನಗೆ ಗೊತ್ತಿತ್ತು. ಆದರೂ ಈ ಒಂದು ಏರ್ಪಾಡು ಮಾಡಿಟ್ಟಿರಲಿಲ್ಲ. ಆ ವಿಷಯ ಎತ್ತುವುದಕ್ಕೇ ನನಗೆ ಹೆದರಿಕೆಯಿತ್ತು.

ಅತ್ತೆ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರು. ಮಡಿ ಸೀರೆ ಉಟ್ಟಾಗಿತ್ತು.

"ಎಂತ ಕಂಬದ ಹಾಂಗ್ ನಿಂತಿದ್ದೆ?"

"ಇದನ್ನ ತಂಪಿನಲ್ಲಿ ಇಡಬೇಕಂತೆ ಅತ್ತೆ. ಒಂಬತ್ತು ಗಂಟೆವರೆಗೆ."

"ಫ್ರಿಜ್ ಇತ್ತಲ್ದಾ?"

"ಅದರಲ್ಲಿ ದೇವರ ಮೊಸರು ಉಂಟಲ್ಲ."

ಅತ್ತೆ ನನ್ನನ್ನು ನೋಡಿದರು, ಡಬ್ಬಿಯನ್ನು ನೋಡಿದರು. ಬೇಸಿಗೆಯ ಮೂರು ಬಾಟಲಿಗಳನ್ನು ಬಚ್ಚಲ ಕಿಟಕಿಯಲ್ಲಿ ಅವರೂ ನೋಡಿದ್ದರು, ಯಾಕೆ ಅಲ್ಲಿದ್ದವು ಎಂಬುದು ಅವರಿಗೆ ಆಗ ತಿಳಿಯಿತು. ಅದು ಅವರ ಮುಖದಲ್ಲಿ ಕಾಣಿಸಿತು.

"ಅದಕ್ಕಾ ನೀ ಕಿಟಕಿಯಲ್ಲಿ ಇಟ್ಟದ್ದ್?"

ತಲೆಯಾಡಿಸಿದೆ.

"ನನ್ನತ್ರ ಒಂದ್ ಮಾತ್ ಕೇಂಡಿದ್ಯಾ?"

ಇಲ್ಲ. ಕೇಳಿರಲಿಲ್ಲ. ಮೂರು ತಿಂಗಳು, ಮೂರು ಬಾಟಲಿ, ಒಂದು ಆಸ್ಪತ್ರೆ. ಉರಿ ಉಂಟಾ ಎಂದು ಕೇಳಿರಲಿಲ್ಲ, ನೀರು ಯಾಕೆ ಕುಡಿಯುವುದಿಲ್ಲ ಎಂದು ಕೇಳಿರಲಿಲ್ಲ, ಇದನ್ನೂ ಕೇಳಿರಲಿಲ್ಲ. ಎಂಟು ವರ್ಷದ ಹಿಂದಿನ ನಾಲ್ಕು ಮೊಟ್ಟೆಯ ಮೇಲೆ ನಾನೇ ಒಂದು ಕಾನೂನು ಬರೆದು, ಅದಕ್ಕೆ ಅವರ ಸಹಿ ಹಾಕಿಕೊಂಡಿದ್ದೆ.

"ಮೊಸರು ಹೊರಗಿಡ್," ಎಂದರು ಅತ್ತೆ. "ಅದ್ ಹುಳಿ ಆರೆ ಮಜ್ಜಿಗೆ ಹುಳಿಗೆ ಆತ್ತ್. ಇದ್ ಹುಳಿ ಆರೆ ನಾನ್ ಮತ್ತೆ ಆಸ್ಪತ್ರೆಗೆ ಹೋಯ್ಕ್."

ಫ್ರಿಜ್ಜಿನ ಬಾಗಿಲು ತೆರೆದೆ. ಮೊಸರಿನ ಪಾತ್ರೆ ತೆಗೆದು ಕಟ್ಟೆಯ ಮೇಲೆ ಇಟ್ಟೆ. ಆ ಜಾಗದಲ್ಲಿ ಡಬ್ಬಿ ಇಟ್ಟೆ. ಕೈ ಅಲ್ಲೇ ನಿಂತುಬಿಟ್ಟಿತು. ಎಷ್ಟು ಸುಲಭವಿತ್ತು ಎಂಬುದನ್ನು ತಡೆಯಲಾಗಲಿಲ್ಲ, ಕಣ್ಣು ತುಂಬಿ ಏನೂ ಕಾಣಲಿಲ್ಲ.

"ಬಾಗ್ಲ್ ಹಾಕ್ ಮಾರಾಯ್ತಿ," ಎಂದರು ಅತ್ತೆ ಹಿಂದಿನಿಂದ. "ತಂಪೆಲ್ಲ ಹೊರಗ್ ಹೋತಾ ಇತ್ತ್."